ಮೊದಲ ದುಡ್ಡು ರೀಡಿಗೆ

ಕರಾವಳಿಯ ಮದುವೆ ದಿಬ್ಬಣದಲ್ಲಿ, ದೇವಸ್ಥಾನದ ಉತ್ಸವದಲ್ಲಿ, ದೈವದ ನೇಮದ ಅಂಗಳದಲ್ಲಿ ಹಿಂದೆ ನಾಗಸ್ವರ ಕೇಳುತ್ತಿದ್ದ ಎಷ್ಟೋ ಕಡೆ ಈಗ ಸ್ಯಾಕ್ಸೋಫೋನ್ ಕೇಳುತ್ತದೆ. ತಂಡದ ಹಿರಿಯರ ಪಕ್ಕದಲ್ಲಿ ಕಲಿಯುವ ವಯಸ್ಸಿನ ಒಬ್ಬ ಹುಡುಗನೋ ಹುಡುಗಿಯೋ ನಿಂತಿರುವುದುಂಟು. ಹಿರಿಯರು ಮಂದ್ರಕ್ಕೆ ಇಳಿದಾಗ ಸ್ವರ ತುಂಬಿಕೊಂಡು ಬರುತ್ತದೆ. ಪಕ್ಕದ ವಾದ್ಯ ಅದೇ ಜಾಗಕ್ಕೆ ಬಂದಾಗ ಗೊರಗೊರ ಎನ್ನುತ್ತದೆ, ಮೇಲಕ್ಕೆ ಹೋದರೆ ಕೀಚೆಂದು ಕಿರುಚುತ್ತದೆ. ಮನೆಗೆ ಬಂದ ಮೇಲೆ ಅಪ್ಪ ಅಮ್ಮನ ಮುಂದೆ ಬರುವ ಬೇಡಿಕೆ ಒಂದೇ: ಈ ವಾದ್ಯ ಸಾಲದು, ಹೊಸದು ಬೇಕು.

ಹೊಸ ಸ್ಯಾಕ್ಸೋಫೋನ್ ಎಂದರೆ ಸಾಮಾನ್ಯ ಮನೆಗೆ ದೊಡ್ಡ ಖರ್ಚು. ಆ ಖರ್ಚನ್ನು ತಡೆಯಬಲ್ಲ ಒಂದು ಸಂಗತಿ ಎಲ್ಲ ಹೆತ್ತವರಿಗೂ ಗೊತ್ತಿರಬೇಕು. ಸ್ಯಾಕ್ಸೋಫೋನಿನ ಮೈಯೆಲ್ಲ ಹಿತ್ತಾಳೆಯಾದರೂ ನಾದ ಹುಟ್ಟುವುದು ಹಿತ್ತಾಳೆಯಲ್ಲಿ ಅಲ್ಲ. ಬಾಯಿಗೆ ಇಡುವ ಮೌತ್‌ಪೀಸ್ ಮತ್ತು ಅದಕ್ಕೆ ಬಿಗಿದ ರೀಡಿನ ತುದಿ, ಇವೆರಡರ ನಡುವೆ ಒಂದು ಸಣ್ಣ ಸೀಳು ಇರುತ್ತದೆ. ಉಸಿರು ಒಳಹೋಗುವಾಗ ರೀಡ್ ಆ ಸೀಳನ್ನು ಸೆಕೆಂಡಿಗೆ ನೂರಾರು ಬಾರಿ ಮುಚ್ಚಿ ತೆರೆಯುತ್ತದೆ. ಆ ಬಡಿತದಿಂದಲೇ ಕೊಳವೆಯೊಳಗಿನ ಗಾಳಿ ಕಂಪಿಸುತ್ತದೆ. ಕಲಿಯುವವರು ಬಹಳ ಬಳಸುವ ಯಮಹಾ 4ಸಿ ಆಲ್ಟೋ ಮೌತ್‌ಪೀಸಿನಲ್ಲಿ ಆ ಸೀಳು 1.6 ಮಿಲಿಮೀಟರ್. ಅದರ ಮುಂದಿನ ಮೆಟ್ಟಿಲೆಂದು ಶಿಕ್ಷಕರು ಲೋಕದೆಲ್ಲೆಡೆ ಸೂಚಿಸುವ, ಪ್ಯಾರಿಸ್ಸಿನ ಸೆಲ್ಮರ್ ಕಂಪನಿಯ ಎಸ್80 ಸಿ ಸ್ಟಾರ್‌ನಲ್ಲಿ 1.7. ವ್ಯತ್ಯಾಸ ಒಂದೆರಡು ಕೂದಲೆಳೆಯಷ್ಟು. ತುಟಿಗೆ ಅದು ಕೂಡಲೇ ತಿಳಿಯುತ್ತದೆ.

ಹಾಗಾಗಿ ಕಲಿಯುವವರ ವಾದ್ಯಕ್ಕೆ ದುಡ್ಡು ಹಾಕುವಾಗ ತುಟಿಯ ಬಳಿಯಿಂದ ಶುರುಮಾಡಿ ಹೊರಗೆ ಹೋಗಬೇಕು. ಅಂಗಡಿಯಲ್ಲಿ ಕಣ್ಣು ಸೆಳೆಯುವ ಸಾಮಾನುಗಳು ಮಾತ್ರ ಬೇರೆಯೇ: ರೀಡ್ ಬಿಗಿಯುವ ಚಿನ್ನದ ಲೇಪದ ಪಟ್ಟಿ, ಬಣ್ಣದ ಸ್ಕ್ರೂಗಳು, ಮಿಂಚುವ ಪೆಟ್ಟಿಗೆ.

ಏನನ್ನೇ ಕೊಳ್ಳುವ ಮೊದಲು ಒಂದು ಪರೀಕ್ಷೆ ಆಗಬೇಕು. ಮಂದ್ರದ ಸ್ವರಗಳು ಹೊರಡುತ್ತಿಲ್ಲ ಎಂದರೆ ಬಹಳ ಸಲ ತಪ್ಪು ಕಲಿಯುವವರದೂ ಅಲ್ಲ, ಮೌತ್‌ಪೀಸಿನದೂ ಅಲ್ಲ. ತೂತುಗಳನ್ನು ಮುಚ್ಚುವ ಪ್ಯಾಡುಗಳು ಸರಿಯಾಗಿ ಕೂರುತ್ತಿರುವುದಿಲ್ಲ. ಈ ಪ್ಯಾಡುಗಳು ಉಣ್ಣೆಯ ಫೆಲ್ಟಿನ ಬಿಲ್ಲೆಗಳು, ಮೇಲೆ ತೆಳುವಾದ ಚರ್ಮದ ಹೊದಿಕೆ. ನೀರು ಕುಡಿದು ಉಬ್ಬುತ್ತವೆ, ಒಣಗಿ ಗಟ್ಟಿಯಾಗುತ್ತವೆ, ಕೆಲವೊಮ್ಮೆ ಹುಳು ತಿನ್ನುತ್ತದೆ. ರಿಪೇರಿಯವರು ಕತ್ತಲೆಯ ಕೋಣೆಯಲ್ಲಿ ಕೊಳವೆಯೊಳಗೆ ಸಣ್ಣ ಎಲ್‌ಇಡಿ ದೀಪದ ಸರ ಇಳಿಸಿ ಒಂದೊಂದೇ ಕೀಲಿ ಒತ್ತಿ ನೋಡುತ್ತಾರೆ. ಪ್ಯಾಡಿನ ಅಂಚಿನಿಂದ ಬೆಳಕು ಇಣುಕಿದರೆ ಗಾಳಿಯೂ ಅಲ್ಲಿಂದ ಸೋರುತ್ತಿದೆ ಎಂದೇ ಅರ್ಥ. ಕ್ಲಾರಿನೆಟ್ಟಿನ ಚಿಕ್ಕ ಪ್ಯಾಡಿಗೆ ಇನ್ನೂ ಸರಳ ಉಪಾಯವಿದೆ. ಸಿಗರೇಟು ಸುತ್ತುವ ತೆಳು ಕಾಗದದ ಪಟ್ಟಿಯನ್ನು ಪ್ಯಾಡಿನ ಕೆಳಗಿಟ್ಟು ಮೆಲ್ಲಗೆ ಎಳೆದು, ಎಲ್ಲ ಬದಿಯಲ್ಲೂ ಒಂದೇ ಹಿಡಿತ ಇದೆಯೇ ಎಂದು ನೋಡುವುದು. ಸೋರುವ ವಾದ್ಯಕ್ಕೆ ಎಷ್ಟು ಒಳ್ಳೆಯ ಮೌತ್‌ಪೀಸ್ ತಂದರೂ ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆಯೇ.

ಇನ್ನೊಂದು ಎಚ್ಚರಿಕೆ ಹಳೆಯ ವಾದ್ಯ ಕೊಳ್ಳುವವರಿಗೆ. ಸುಮಾರು ನೂರು ವರ್ಷ ಹಿಂದೆ ಬ್ರಿಟಿಷ್ ಸೈನ್ಯದ ಬ್ಯಾಂಡುಗಳು ಇಂದಿನ 440 ಹರ್ಟ್ಸ್ ಶ್ರುತಿಗಿಂತ ಎತ್ತರದ, 450 ದಾಟಿದ ಶ್ರುತಿಯಲ್ಲಿ ನುಡಿಸುತ್ತಿದ್ದವು. ಆ ಕಾಲದ ವಾದ್ಯಗಳ ಮೈಮೇಲೆ ‘ಎಚ್.ಪಿ.’ ಎಂಬ ಎರಡಕ್ಷರದ ಮುದ್ರೆ ಇರುವುದುಂಟು. ಅಂಥ ಸ್ಯಾಕ್ಸೋಫೋನಿನ ತೂತುಗಳ ಜಾಗವೇ ಬೇರೆ. ಮೌತ್‌ಪೀಸನ್ನು ಎಷ್ಟು ಹೊರಗೆಳೆದರೂ ಅದು ಇಂದಿನ ತಂಡದ ಜೊತೆ ಕೂಡುವುದಿಲ್ಲ.

ಪರೀಕ್ಷೆ ಮುಗಿದು ವಾದ್ಯ ಸರಿಯಿದೆ ಎಂದಾದರೆ ಮೊದಲ ದುಡ್ಡು ರೀಡಿಗೆ.

ರೀಡ್ ಎಂದರೆ ಅರುಂಡೊ ಡೊನಾಕ್ಸ್ ಎಂಬ, ಬಿದಿರಿನಂತೆ ಗೆಣ್ಣುಗೆಣ್ಣಾಗಿ ಎತ್ತರಕ್ಕೆ ಬೆಳೆಯುವ ಹುಲ್ಲಿನ ಚೂರು. ಫ್ರಾನ್ಸಿನ ದಕ್ಷಿಣ ತುದಿಯಲ್ಲಿ, ಮೆಡಿಟರೇನಿಯನ್ ಕಡಲಿಗೆ ತಾಗಿದ ವಾರ್ ಎಂಬ ಪ್ರದೇಶದ ಗಳಕ್ಕೆ ಇದರಲ್ಲಿ ದೊಡ್ಡ ಹೆಸರು. ಎರಡು ವರ್ಷ ಬೆಳೆದ ಗಳವನ್ನು ಚಳಿಗಾಲದಲ್ಲಿ ಕಡಿದು, ಬಿಸಿಲಿಗೆ ತಿರುಗಿಸಿ ತಿರುಗಿಸಿ ಒಣಗಿಸಿ, ಆಮೇಲೆ ದಾಸ್ತಾನಿನಲ್ಲಿಟ್ಟು ಹದ ಬರಲು ಕಾಯುತ್ತಾರೆ. ಪ್ಯಾರಿಸ್ಸಿನಲ್ಲಿ 1905ರಲ್ಲಿ ಶುರುವಾದ ವ್ಯಾಂಡೊರೆನ್ ಮನೆತನದ ಕಂಪನಿ ಇಂದಿಗೂ ಇದನ್ನೇ ಮಾಡುತ್ತಿದೆ. ನಾಗಸ್ವರದ ಸೀವಾಳಿಯನ್ನು ಎಷ್ಟು ಜತನದಿಂದ ಕಟ್ಟುತ್ತಾರೆ, ನುಡಿಸುವ ಮೊದಲು ಬಾಯಲ್ಲಿಟ್ಟು ಹೇಗೆ ಹದಗೊಳಿಸುತ್ತಾರೆ ಎಂದು ಬಲ್ಲ ಮನೆಗಳಿಗೆ ಈ ಮಾತು ಹೊಸದೇನೂ ಅಲ್ಲ.

ರೀಡಿನ ಪೆಟ್ಟಿಗೆಯ ಮೇಲೆ ಒಂದರಿಂದ ಐದರವರೆಗಿನ ಅಂಕಿ ಇರುತ್ತದೆ, ನಡುವೆ ಅರ್ಧಗಳೂ ಇರುತ್ತವೆ. ಇದು ದಪ್ಪದ ಅಳತೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಒಂದು ಬಗೆಯ ರೀಡುಗಳನ್ನೆಲ್ಲ ಒಂದೇ ಆಕಾರಕ್ಕೆ ಕೊರೆದು, ಆಮೇಲೆ ಯಂತ್ರದಲ್ಲಿ ಬಗ್ಗಿಸಿ ನೋಡಿ, ಎಷ್ಟು ಸೆಟೆಯುತ್ತದೆ ಎಂಬುದರ ಮೇಲೆ ವಿಂಗಡಿಸುತ್ತಾರೆ. ಗಳದ ನಾರು ಒತ್ತಾಗಿದ್ದರೆ ಅಂಕಿ ದೊಡ್ಡದು. ಒಂದು ಕಂಪನಿಯ ಅಂಕಿ ಇನ್ನೊಂದಕ್ಕೆ ಹೊಂದುವುದೂ ಇಲ್ಲ. ಕಿತ್ತಳೆ ಬಣ್ಣದ ಪೆಟ್ಟಿಗೆಯ ರಿಕೋ ಎರಡೂವರೆಯಲ್ಲಿ ಸಲೀಸಾಗಿ ನುಡಿಸುತ್ತಿದ್ದ ಮಗುವಿಗೆ ನೀಲಿ ಪೆಟ್ಟಿಗೆಯ ವ್ಯಾಂಡೊರೆನ್ ಎರಡೂವರೆ ಕೊಟ್ಟರೆ ಉಸಿರು ಕಟ್ಟಿದಂತಾಗಬಹುದು. ನೀಲಿಯದು ಸುಮಾರು ಅರ್ಧ ಅಂಕಿಯಷ್ಟು ಬಿರುಸು. ಹೊಸಬರು ಒಂದೂವರೆಯಿಂದ ಎರಡೂವರೆಯ ಒಳಗೆ ಶುರುಮಾಡುವುದು ವಾಡಿಕೆ. ತುಟಿಯ ಸ್ನಾಯು ಬಲಿತಂತೆ ಅರ್ಧರ್ಧವಾಗಿ ಏರಬಹುದು. ಏರಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ, ದೊಡ್ಡ ಅಂಕಿಯ ರೀಡಿನಲ್ಲಿ ನುಡಿಸುವುದು ದೊಡ್ಡಸ್ತಿಕೆಯೂ ಅಲ್ಲ. ಅಗಲವಾಗಿ ತೆರೆದ ಮೌತ್‌ಪೀಸಿಗೆ ಮೆತ್ತನೆಯ ರೀಡ್, ಕಿರಿದಾದದ್ದಕ್ಕೆ ಸ್ವಲ್ಪ ಬಿರುಸಾದದ್ದು ಎಂಬ ಜೋಡಿಯನ್ನು ಮಾತ್ರ ನೆನಪಿಡಬೇಕು.

ಒಂದೇ ರೀಡನ್ನು ಸೀಳುವವರೆಗೂ ನುಡಿಸುವುದು ನಮ್ಮ ಕಡೆ ಕಾಣುವ ದೊಡ್ಡ ತಪ್ಪು. ಮೂರೋ ನಾಲ್ಕೋ ರೀಡುಗಳಿಗೆ ಬೆನ್ನಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ದಿನಕ್ಕೊಂದರಂತೆ ಸರದಿಯಲ್ಲಿ ನುಡಿಸಿದರೆ ಪ್ರತಿಯೊಂದೂ ಹೆಚ್ಚು ದಿನ ಬಾಳುತ್ತದೆ. ಕಾರ್ಯಕ್ರಮದ ದಿನ ಒಂದು ಕೈಕೊಟ್ಟರೆ ಪಳಗಿದ ಇನ್ನೊಂದು ಸಿದ್ಧವಿರುತ್ತದೆ. ಮುಗಿದ ಮೇಲೆ ಒರೆಸಿ, ಚಪ್ಪಟೆಯಾಗಿ ಹಿಡಿದಿಡುವ ರೀಡ್ ಡಬ್ಬಿಯಲ್ಲಿ ಇಡಬೇಕು. ಈ ಡಬ್ಬಿ ಬಹಳ ಅಗ್ಗದ್ದು. ಕಲಿಯುವವರ ಪೆಟ್ಟಿಗೆಗೆ ಸೇರಬೇಕಾದ ಮೊದಲ ಹೊಸ ಸಾಮಾನು ಇದೇ ಎನ್ನಬೇಕು.

ಡಬ್ಬಿಯ ವಿಷಯದಲ್ಲಿ ಊರಿನ ಹವೆ ಮುಖ್ಯ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನ ಕಡೆ ಆಷಾಢದಲ್ಲಿ ಒದ್ದೆ ರೀಡನ್ನು ಮುಚ್ಚಿಟ್ಟರೆ ಕಪ್ಪು ಬೂಷ್ಟು ಹಿಡಿಯುವುದು ಖಚಿತ. ಅಲ್ಲಿ ಗಾಳಿಯಾಡುವ ಡಬ್ಬಿ ಬೇಕು, ಬೂಷ್ಟು ಹಿಡಿದ ರೀಡನ್ನು ಯೋಚಿಸದೆ ಎಸೆಯಬೇಕು. ಕಲಬುರಗಿಯ ಬೇಸಿಗೆಯಲ್ಲಿ ತೊಂದರೆ ತಿರುಗುಮುರುಗು. ರೀಡಿನ ತುದಿ ಒಣಗಿ ಅಲೆಅಲೆಯಾಗಿ ಸುಕ್ಕಾಗುತ್ತದೆ, ಮೌತ್‌ಪೀಸಿಗೆ ಸಮನಾಗಿ ಕೂರುವುದಿಲ್ಲ. ಅಲ್ಲಿಗೆ ತೇವ ಹಿಡಿದಿಡುವ ಪುಟ್ಟ ಪೊಟ್ಟಣವಿರುವ, ಬಿಗಿಯಾಗಿ ಮುಚ್ಚುವ ಡಬ್ಬಿ ಒಳ್ಳೆಯದು. ಹವೆಯ ಗೊಡವೆಯೇ ಬೇಡ ಎನ್ನುವವರಿಗೆ ಪ್ಲಾಸ್ಟಿಕ್ ರೀಡುಗಳಿವೆ. ಕೆನಡಾದಲ್ಲಿ 1998ರಲ್ಲಿ ಶುರುವಾದ ಲೆಜೇರ್ ಕಂಪನಿ ಪಾಲಿಪ್ರೊಪಿಲೀನನ್ನು ಹುಲ್ಲಿನ ನಾರಿನಂತೆ ಒಂದೇ ದಿಕ್ಕಿಗೆ ಸೆಟೆಯುವ ಹಾಗೆ ಮಾಡಿ ರೀಡ್ ಕೊರೆಯುತ್ತದೆ. ಒಂದರ ಬೆಲೆಗೆ ಹುಲ್ಲಿನ ರೀಡುಗಳು ಹಲವು ಬರುತ್ತವೆ. ಆದರೆ ನೆನೆಸುವ ಕೆಲಸವಿಲ್ಲ, ಬಹಳ ದಿನ ಬಾಳುತ್ತದೆ. ಮೆರವಣಿಗೆಯಲ್ಲಿ ಬಿಟ್ಟು ಬಿಟ್ಟು ನುಡಿಸುವವರಿಗೆ, ಅಂದರೆ ಬಾಯಿಂದ ತೆಗೆದಾಗೆಲ್ಲ ರೀಡ್ ಒಣಗುವ ಸಂದರ್ಭದಲ್ಲಿ, ಇದು ನಿಜವಾದ ಉಪಕಾರಿ.

ರೀಡಿನ ನಂತರ ಮೌತ್‌ಪೀಸ್. ಅಗ್ಗದ ವಾದ್ಯದ ಜೊತೆ ಬರುವ ಹೆಸರಿಲ್ಲದ ಮೌತ್‌ಪೀಸುಗಳಲ್ಲಿ ರೀಡ್ ಕೂರುವ ಪಟ್ಟಿ ಸಮತಟ್ಟಾಗಿರುವುದಿಲ್ಲ, ಎಡ ಬಲ ಅಂಚುಗಳು ಒಂದೇ ವಕ್ರದಲ್ಲಿ ಇರುವುದಿಲ್ಲ. ಅಂಥದ್ದರಲ್ಲಿ ಕೀಚುವುದನ್ನು ಯಾವ ಸಾಧನೆಯೂ ನಿಲ್ಲಿಸದು. ಈ ಒಂದು ಜಾಗದಲ್ಲಿ ಹಾಕಿದ ದುಡ್ಡು ಮೊದಲ ದಿನವೇ ಕಿವಿಗೆ ಕೇಳುತ್ತದೆ. ದುಬಾರಿಯದೇ ಆಗಬೇಕಿಲ್ಲ. ಯಮಹಾದ ಪ್ಲಾಸ್ಟಿಕ್ 4ಸಿ ಅಚ್ಚುಕಟ್ಟಾಗಿ ಅಳತೆ ಹಿಡಿದು ಮಾಡಿದ್ದು, ವರ್ಷಗಟ್ಟಲೆ ಸಾಲುತ್ತದೆ. ಅಲ್ಲಿಂದ ಮುಂದೆ ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಮೌತ್‌ಪೀಸುಗಳು: ಸ್ಯಾಕ್ಸೋಫೋನಿಗೆ ಸೆಲ್ಮರ್‌ನ ಸಿ ಸ್ಟಾರ್, ಕ್ಲಾರಿನೆಟ್ಟಿಗೆ ವ್ಯಾಂಡೊರೆನ್ ಬಿ45. ಎಬೊನೈಟಿನಲ್ಲಿ ಗಂಧಕ ಬೆರೆತಿರುತ್ತದೆ. ಬಿಸಿನೀರಿನಲ್ಲಿ ತೊಳೆದರೆ ಅಥವಾ ಬಿಸಿಲಿನಲ್ಲಿ ಇಟ್ಟರೆ ಅದು ಹಸಿರು ತಿರುಗಿ ಕೆಟ್ಟ ವಾಸನೆ ಬೀರುತ್ತದೆ. ಉಗುರು ಬೆಚ್ಚಗೂ ಇಲ್ಲದ ತಣ್ಣೀರು, ಸ್ವಲ್ಪ ಸೋಪು, ಮೆತ್ತನೆ ಬಟ್ಟೆ ಸಾಕು. ಮೌತ್‌ಪೀಸಿನ ಮೇಲೆ ಹಲ್ಲು ಊರುವ ಜಾಗಕ್ಕೆ ಅಂಟಿಸುವ ಪುಟ್ಟ ರಬ್ಬರ್ ತುಂಡನ್ನೂ ಜೊತೆಗೇ ಕೊಳ್ಳಬಹುದು. ಕಂಪನ ಹಲ್ಲಿಗೆ ಜುಮ್ಮೆನ್ನುವುದು ತಪ್ಪಿದರೆ ಮಗು ಹೆದರಿ ಕಚ್ಚಿ ಹಿಡಿಯುವುದೂ ತಪ್ಪುತ್ತದೆ.

ಶಾಲೆಯ ಬ್ಯಾಂಡಿನಲ್ಲಿ ವಾದ್ಯ ಶಾಲೆಯದು, ಇವತ್ತು ಒಬ್ಬರು, ನಾಳೆ ಇನ್ನೊಬ್ಬರು ಊದುತ್ತಾರೆ. ಅಲ್ಲಿ ಪ್ರತಿ ಮಗುವಿಗೂ ಸ್ವಂತ ಮೌತ್‌ಪೀಸ್, ಸ್ವಂತ ರೀಡ್ ಕೊಡಿಸುವುದು ನಾದಕ್ಕಿಂತ ಮೊದಲು ಆರೋಗ್ಯದ ಪ್ರಶ್ನೆ. ಉತ್ತರ ಪ್ರದೇಶದ ಮೇರಠ್, ಅದರಲ್ಲೂ ಅಲ್ಲಿನ ಜಾಲಿ ಕೋಠಿ ಎಂಬ ಪೇಟೆ, ನಾದಿರ್ ಅಲಿ ಕಂಪನಿ 1885ರಲ್ಲಿ ಶುರುವಾದ ಕಾಲದಿಂದಲೂ ದೇಶದ ಮದುವೆ ಬ್ಯಾಂಡುಗಳಿಗೆ, ಶಾಲೆಗಳಿಗೆ ತುತ್ತೂರಿ, ಡ್ರಮ್ಮು ಕಳಿಸುತ್ತಾ ಬಂದಿದೆ. ಅಂಥ ಬ್ಯಾಂಡ್ ಸೆಟ್ಟಿಗೂ ಈ ಲೆಕ್ಕವೇ ಸಲ್ಲುತ್ತದೆ: ಸೆಟ್ಟು ಹಳೆಯದೇ ಇರಲಿ, ಬಾಯಿಗೆ ಇಡುವುದು ಮಗುವಿನ ಸ್ವಂತದ್ದಾಗಲಿ.

ತುತ್ತೂರಿಯ ಕಡೆ ಬಂದರೆ ರೀಡ್ ಇಲ್ಲ, ಅಲ್ಲಿ ತುಟಿಯೇ ರೀಡ್. ಮೌತ್‌ಪೀಸ್ ಎಂದರೆ ತುಟಿ ಒತ್ತುವ ಒಂದು ಬಟ್ಟಲು. ಅದರ ಅಂಕಿಗಳ ಗೊಂದಲದಲ್ಲಿ ದುಡ್ಡು ಕಳೆದುಕೊಂಡವರು ಬಹಳ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಅಂಕಿಯ ಪದ್ಧತಿ ವಿನ್ಸೆಂಟ್ ಬಾಕ್ ಅವರದು. ಆಸ್ಟ್ರಿಯಾದಲ್ಲಿ ಹುಟ್ಟಿ 1914ರಲ್ಲಿ ಅಮೆರಿಕಕ್ಕೆ ಬಂದ ಈ ತುತ್ತೂರಿ ವಾದಕ, ತಮ್ಮ ಸ್ವಂತ ಮೌತ್‌ಪೀಸ್ ರಿಪೇರಿಯಲ್ಲಿ ಕೆಟ್ಟುಹೋದ ಮೇಲೆ 1918ರಲ್ಲಿ ನ್ಯೂಯಾರ್ಕಿನಲ್ಲಿ ಕಾಲಿನಿಂದ ತುಳಿಯುವ ಲೇತ್ ಇಟ್ಟುಕೊಂಡು ತಾವೇ ಮಾಡತೊಡಗಿದರು. ಬಾಕ್ ಪದ್ಧತಿಯಲ್ಲಿ ಅಂಕಿ ಚಿಕ್ಕದಾದಷ್ಟೂ ಬಟ್ಟಲು ಅಗಲ: 7ಸಿ 16.2 ಮಿಲಿಮೀಟರ್, 3ಸಿ 16.3, ಒಂದೂವರೆ ಸಿ 17. ಅಕ್ಷರ ಬಟ್ಟಲಿನ ಆಳ ಹೇಳುತ್ತದೆ, ಎ ತೀರಾ ಆಳ. ಯಮಹಾದವರದು ಎರಡೂ ತಲೆಕೆಳಗು. ಅಲ್ಲಿ ಅಂಕಿ ದೊಡ್ಡದಾದಂತೆ ಅಗಲ ಹೆಚ್ಚು, ಎ ಎಂದರೆ ಆಳ ಕಡಿಮೆ. ಕಲಿಯುವವರ ಯಮಹಾ ತುತ್ತೂರಿಯ ಜೊತೆ ಬರುವ 11ಬಿ4 ಸುಮಾರಾಗಿ ಬಾಕ್ 7ಸಿಗೆ ಸಮ. ಈ ವಿಷಯ ತಿಳಿಯದೆ ‘ಏಳಕ್ಕಿಂತ ಹನ್ನೊಂದು ಮೇಲು’ ಎಂದು ಕೊಂಡರೆ ಮನೆಯಲ್ಲಿ ಒಂದೇ ಬಗೆಯ ಎರಡು ಮೌತ್‌ಪೀಸ್ ಆಗುತ್ತವೆ. 7ಸಿಯಿಂದ 5ಸಿಗೆ, 3ಸಿಗೆ ಹೋಗುವುದು ನಿಧಾನದ ದಾರಿ. ಒಮ್ಮೆಗೇ ಒಂದೂವರೆ ಸಿಗೆ ಹಾರಿದರೆ ಬಲಿಯದ ತುಟಿ ಸೋಲುತ್ತದೆ.

ತುತ್ತೂರಿಯ ಮೌತ್‌ಪೀಸ್ ಒಳಗೆ ಸಿಕ್ಕಿಕೊಂಡರೆ ಇಕ್ಕಳ ಹಾಕಿ ತಿರುಗಿಸಬಾರದು. ತೆಳು ಹಿತ್ತಾಳೆಯ ಕೊಳವೆ ತಿರುಚಿ ಹೋಗುತ್ತದೆ. ಇದಕ್ಕೆಂದೇ ಎಳೆಯುವ ಒಂದು ಸಾಧನವಿದೆ, ಶಾಲೆಗೆ ಒಂದಿದ್ದರೆ ಸಾಕು. ವಾಲ್ವುಗಳಿಗೆ ವಾಲ್ವಿನ ಎಣ್ಣೆಯೇ ಆಗಬೇಕು. ಮನೆಯಲ್ಲಿದೆ ಎಂದು ತೆಂಗಿನೆಣ್ಣೆ ಬಿಡುವುದುಂಟು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಗಣರಾಜ್ಯೋತ್ಸವದ ಬೆಳಗಿನ ಚಳಿಯಲ್ಲಿ ಮೈದಾನದಲ್ಲಿ ನಿಂತ ಮಗುವಿನ ಬೆರಳ ಕೆಳಗೆ ವಾಲ್ವು ಅಂಟಿಕೊಂಡರೆ ಪಾಪ, ಅದು ಏನು ಮಾಡೀತು?

ಡ್ರಮ್ಮಿನ ಮಾತು ಚಿಕ್ಕದು. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ ಶ್ರುತಿಗೆ ತರುವುದನ್ನು ಕಂಡವರಿಗೆ ಚರ್ಮ ತೇವಕ್ಕೆ ಸಡಿಲವಾಗುವುದು ಗೊತ್ತು. 1950ರ ದಶಕದಲ್ಲಿ ಬಂದ ಪಾಲಿಯೆಸ್ಟರ್ ಹಾಳೆಯ ಹೊದಿಕೆಗೆ ಆ ಕಷ್ಟವಿಲ್ಲ. ಡಬಡಬ ಎನ್ನುವ ಹಳೆಯ ಸೈಡ್ ಡ್ರಮ್ಮಿಗೆ ಹೊಸ ಹೊದಿಕೆ ಹಾಕಿ, ಎದುರುಬದುರು ಸ್ಕ್ರೂಗಳನ್ನು ಸಮನಾಗಿ ಬಿಗಿದರೆ ಡ್ರಮ್ಮೇ ಬದಲಾದಂತೆ ಕೇಳುತ್ತದೆ.

ದೇಹಕ್ಕೆ ಬೇಕಾದ ಸಾಮಾನಿನ ಮಾತನ್ನು ಅಂಗಡಿಯವರು ಎತ್ತುವುದು ಕಡಿಮೆ, ಹೆತ್ತವರು ಕೇಳುವುದೂ ಕಡಿಮೆ. ಆಲ್ಟೋ ಸ್ಯಾಕ್ಸೋಫೋನ್ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಜೊತೆಗೆ ಬರುವ ತೆಳು ಪಟ್ಟಿ ಆ ತೂಕವನ್ನೆಲ್ಲ ಕತ್ತಿನ ಹಿಂದೆ ಒಂದೇ ಗೆರೆಯಲ್ಲಿ ಇಳಿಬಿಡುತ್ತದೆ. ಹನ್ನೆರಡು ವರ್ಷದ ಮಗು ಆ ಪಟ್ಟಿಯಲ್ಲಿ ಮೆರವಣಿಗೆ ಪೂರ್ತಿ ನಡೆದರೆ ಕತ್ತು ಬಗ್ಗುತ್ತದೆ, ಕತ್ತು ಬಗ್ಗಿದರೆ ಗಂಟಲು ಕಿರಿದಾಗುತ್ತದೆ, ಸ್ವರ ಕುಗ್ಗುತ್ತದೆ. ಎರಡೂ ಭುಜಕ್ಕೆ ಭಾರ ಹಂಚುವ ಪಟ್ಟಿ ಎಳೆಯರಿಗೆ ಚಿನ್ನದ ಲೇಪದ ಯಾವ ಸಾಮಾನಿಗಿಂತಲೂ ಬೆಲೆಯುಳ್ಳದ್ದು. ಕ್ಲಾರಿನೆಟ್ಟಿನ ಭಾರ ಪೂರ್ತಿ ಬಲಗೈ ಹೆಬ್ಬೆರಳಿನ ಮೇಲೆ. ಅಲ್ಲಿಗೆ ರಬ್ಬರಿನ ಒಂದು ಮೆತ್ತೆ ಹಾಕಿದರೆ ಬೆರಳಿನಲ್ಲಿ ಕೆಂಪು ಗೆರೆ ಬೀಳುವುದಿಲ್ಲ.

ಇನ್ನು ಲಿಗೇಚರ್, ಅಂದರೆ ರೀಡನ್ನು ಮೌತ್‌ಪೀಸಿಗೆ ಬಿಗಿಯುವ ಪಟ್ಟಿ. ಇದರ ಬೆಲೆ ನೂರುಗಳಲ್ಲಿ ಶುರುವಾಗಿ ಎಲ್ಲಿಗೆ ಬೇಕಾದರೂ ಏರುತ್ತದೆ. ರೀಡನ್ನು ಸಮನಾಗಿ, ಅದುಮಿ ಕೊಲ್ಲದೆ ಹಿಡಿದರೆ ಅದರ ಕೆಲಸ ಮುಗಿಯಿತು. ಜರ್ಮನಿಯ ಕ್ಲಾರಿನೆಟ್ ವಾದಕರಲ್ಲಿ ಹಲವರು ಇಂದಿಗೂ ದಾರ ಸುತ್ತಿಯೇ ರೀಡ್ ಕಟ್ಟುತ್ತಾರೆ. ಲೋಹ ಬದಲಾದರೆ ನಾದ ಬದಲಾಗುತ್ತದೆ ಎಂಬ ನಂಬಿಕೆಯನ್ನು ಕೊಳಲಿನ ವಿಷಯದಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಕೋಲ್ಟ್‌ಮನ್ ಪರೀಕ್ಷಿಸಿ 1971ರಲ್ಲಿ ಪ್ರಕಟಿಸಿದರು. ಒಳ ಅಳತೆ ಒಂದೇ ಆಗಿರುವ ಮೂರು ಕೊಳಲು ಮಾಡಿಸಿದರು: ಒಂದು ತೆಳು ಬೆಳ್ಳಿಯದು, ಒಂದು ದಪ್ಪ ತಾಮ್ರದ್ದು, ಒಂದು ಮರದ್ದು. ಯಾವುದು ಕೈಯಲ್ಲಿದೆ ಎಂದು ತಿಳಿಯದಂತೆ ನುಡಿಸಿದಾಗ ಕೇಳುಗರಿಗೂ ನುಡಿಸುವವರಿಗೂ ಒಂದನ್ನೊಂದು ಗುರುತಿಸಲು ಆಗಲಿಲ್ಲ. ಲಿಗೇಚರ್ ಬಗ್ಗಿಹೋಗಿದ್ದರೆ, ಸ್ಕ್ರೂ ಸವೆದಿದ್ದರೆ ಬದಲಿಸಬೇಕು. ಹಾಗಿಲ್ಲದಿದ್ದರೆ ಆ ದುಡ್ಡಿಗೆ ಇನ್ನೆರಡು ಪೆಟ್ಟಿಗೆ ರೀಡ್ ಬಂತು. ರೀಡಿನ ತುದಿ ಕಾಯುವ ಮುಚ್ಚಳ, ಒಳಗಿನ ನೀರು ಒರೆಸುವ ಬಟ್ಟೆ, ಕಾರ್ಕಿಗೆ ಹಚ್ಚುವ ಗ್ರೀಸ್, ಇವು ಮೂರೂ ಪೆಟ್ಟಿಗೆಯಲ್ಲಿ ಇರಲೇಬೇಕು.

ಹಾಗಾದರೆ ವಾದ್ಯವನ್ನೇ ಬದಲಿಸುವ ಕಾಲ ಬರುವುದೇ ಇಲ್ಲವೇ? ಬರುತ್ತದೆ. ಬಂಟ್ವಾಳದ ಸಜೀಪಮೂಡದಲ್ಲಿ 1949ರಲ್ಲಿ ನಾಗಸ್ವರದವರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ವರ್ಷಗಟ್ಟಲೆ ಸಾಧನೆ ಮಾಡಿದರು. ಆ ಪಾಶ್ಚಾತ್ಯ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕ ಹೊರಡುವಂತೆ ಅದರ ರಚನೆಯಲ್ಲೇ ತಮ್ಮದೇ ಮಾರ್ಪಾಡು ಮಾಡಿಕೊಂಡರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿಯಲ್ಲಿ ಜಗತ್ತು ಕೇಳಿದ್ದು ಹಾಗೆ ಪಳಗಿಸಿದ ವಾದ್ಯವನ್ನು. ಅವರಿಗೆ ಬೇಕಾದ ನಾದ ಮೊದಲು ಕಿವಿಯಲ್ಲಿತ್ತು, ವಾದ್ಯ ಅದರ ಹಿಂದೆ ಬಂತು.

ಕಲಿಯುವ ಮಗುವಿನ ಕಿವಿಗೂ ಅಂಥದೊಂದು ಅವಕಾಶ ಕೊಡಲು ಸಾಧ್ಯವಿದೆ, ಖರ್ಚೂ ಇಲ್ಲ. ಹೊಸ ಮೌತ್‌ಪೀಸ್ ಕೊಳ್ಳುವ ಮೊದಲು ಗುರುಗಳಿಂದಲೋ ಅಂಗಡಿಯಿಂದಲೋ ಒಂದು ದಿನದ ಮಟ್ಟಿಗೆ ಕೇಳಿ ತರುವುದು. ಒಂದೇ ರೀಡ್, ಒಂದೇ ಕೋಣೆ. ಹಳೆಯ ಮೌತ್‌ಪೀಸಿನಲ್ಲಿ ಸರಳೆ ವರಸೆಯ ಮೊದಲ ಸಾಲನ್ನು ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ, ಆಮೇಲೆ ಮಂದ್ರದ ಒಂದು ಸ್ವರವನ್ನು ಉಸಿರಿರುವವರೆಗೂ ಎಳೆದು ನುಡಿಸುವುದು. ಹೊಸದರಲ್ಲೂ ಅದನ್ನೇ. ಫೋನನ್ನು ನಾಲ್ಕು ಮೊಳ ದೂರದ ಕುರ್ಚಿಯ ಮೇಲಿಟ್ಟು ಮುದ್ರಿಸಿಕೊಳ್ಳಬೇಕು, ಯಾವುದು ಮೊದಲು ಎಂದು ಅಮ್ಮನೋ ಅಣ್ಣನೋ ಚೀಟಿಯಲ್ಲಿ ಬರೆದು ಮಡಿಸಿಡಬೇಕು. ಕೇಳುವುದು ಆ ಹೊತ್ತಿಗಲ್ಲ, ಮರುದಿನ ಬೆಳಿಗ್ಗೆ, ತುಟಿಯ ನೆನಪು ಮರೆಯಾದ ಮೇಲೆ. ಎರಡರಲ್ಲಿ ಇಷ್ಟವಾದದ್ದನ್ನು ಮಗು ಬೆರಳು ತೋರಿಸಿ ಹೇಳಿದ ಮೇಲೆಯೇ ಚೀಟಿ ಬಿಡಿಸಬೇಕು. ಅದರಲ್ಲಿ ಹಳೆಯದರ ಹೆಸರೇ ಇದ್ದರೆ ತಂದದ್ದನ್ನು ಒರೆಸಿ ವಾಪಸು ಕೊಟ್ಟು, ಬರುವಾಗ ಒಂದು ಪೆಟ್ಟಿಗೆ ರೀಡ್ ತರಬಹುದು.